ಆಪರೇಷನ್ ಕಾವೇರಿ: ನಮ್ಮನ್ನು ಮನೆಗೆ ತಂದ ಸೇವೆಗೆ ಐದಕ್ಕೆ ನಾಲ್ಕೂವರೆ

ಯುದ್ಧ ಶುರುವಾದ ಸುಡಾನಿನಿಂದ ಭಾರತೀಯರನ್ನು ಕರೆತರಲು ಭಾರತ ಸರ್ಕಾರ ನಡೆಸಿದ ಕಾರ್ಯಾಚರಣೆಯೇ ಆಪರೇಷನ್ ಕಾವೇರಿ. ನಾವು ಶಿವಮೊಗ್ಗ ಹತ್ತಿರದ ಹಕ್ಕಿಪಿಕ್ಕಿ ಕ್ಯಾಂಪಿನವರು. ತಲೆಗೂದಲಿನ ಎಣ್ಣೆ ಮಾರಲು ಸುಡಾನಿಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಭಾವಮೈದ. 2023ರ ಏಪ್ರಿಲ್ 15ರ ಬೆಳಗ್ಗೆ ಅಲ್ಲಿನ ರಾಜಧಾನಿ ಖಾರ್ಟೂಮಿನಲ್ಲಿ ದೇಶದ ಸೇನೆಗೂ ಅರೆಸೇನೆಯಾದ ಆರ್‌ಎಸ್‌ಎಫ್ ಪಡೆಗೂ ಕಾಳಗ ಶುರುವಾಯಿತು. ಮೊದಲು ಕರೆಂಟ್ ಹೋಯಿತು, ಆಮೇಲೆ ನೀರು. ಎಣ್ಣೆಯ ಪೆಟ್ಟಿಗೆಗಳನ್ನೇ ಕಿಟಕಿಗೆ ಅಡ್ಡ ಇಟ್ಟು ನೆಲದ ಮೇಲೆ ಮಲಗಿದೆವು. ರಂಜಾನ್ ತಿಂಗಳು. ಮನೆಯ ಯಜಮಾನರು ತಾವು ಉಪವಾಸ ಇದ್ದುಕೊಂಡೇ ತಮ್ಮ ಮಡಕೆಯ ನೀರನ್ನು ನಮಗೆ ಬಗ್ಗಿಸಿ ಕೊಟ್ಟರು.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ದಾರಿಗಾಗಿ. ಬಸ್ಸು ಹೊರಡುವ ಜಾಗದ ತನಕ ನಾವೇ ಹೋಗಬೇಕಿತ್ತು. ಗುಂಡು ಹಾರುವ ಬೀದಿಯಲ್ಲಿ ಅಷ್ಟು ದೂರ ಅಂದರೆ ಸುಮ್ನೆ ಅಲ್ಲ. ಗಾಡಿಯವನೊಬ್ಬ ಕೇಳಿದಷ್ಟು ದುಡ್ಡು ಕೊಟ್ಟೆವು. ಅಲ್ಲಿಂದ ಪೋರ್ಟ್ ಸುಡಾನ್ ಬಂದರಿಗೆ 800 ಕಿಲೋಮೀಟರಿಗೂ ಜಾಸ್ತಿ.

ಬಂದರು ತಲುಪಿದ ಮೇಲೆ ಒಂದೇ ಒಂದು ದೂರು ಇಲ್ಲ. ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಸುಮೇಧಾ ಮೊದಲ ಸಲ 278 ಜನರನ್ನು ದಾಟಿಸಿತ್ತು. ನಮಗೆ ಸಿಕ್ಕಿದ್ದು ಆಮೇಲಿನ ಹಡಗು. ಬಿಸಿ ಅನ್ನ ಕೊಟ್ಟರು. ಹೆಂಡತಿ ತಟ್ಟೆ ಹಿಡಿದುಕೊಂಡು ಅತ್ತಳು.

ಜೆಡ್ಡಾದ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಕೆಂಪು ಸಮುದ್ರದ ಆಚೆ ದಡ ಅದು, ಸೌದಿ ಅರೇಬಿಯಾ. ನಮ್ಮಲ್ಲಿ ಯಾರ ಹತ್ತಿರವೂ ಆ ದೇಶದ ವೀಸಾ ಇರಲಿಲ್ಲ. ಆದರೂ ಇಳಿಸಿಕೊಂಡರು. ಅಲ್ಲಿನ ಭಾರತೀಯ ಶಾಲೆಯಲ್ಲಿ ಹಾಸಿಗೆ, ಊಟ, ಡಾಕ್ಟರು, ಮನೆಗೆ ಫೋನ್ ಮಾಡಲು ವೈಫೈ. ಹಡಗು, ವಿಮಾನ ನಮ್ಮವು ನಿಜ. ಆದರೆ ಇಳಿಯಲು ಅಂಗಳ ಕೊಡುವವರು ಇಲ್ಲದಿದ್ದರೆ ಹಡಗು ಎಲ್ಲಿಗೆ ಹೋಗಬೇಕಿತ್ತು? ನಮ್ಮ ಕಾರ್ಯಾಚರಣೆಗೂ ಮೊದಲೇ ಸೌದಿಯವರು ಕರೆತಂದ ಜನರಲ್ಲಿ ಭಾರತದವರೂ ಇದ್ದರು. ಫ್ರಾನ್ಸಿನ ಸೇನಾ ವಿಮಾನಗಳಲ್ಲೂ ಕೆಲವರು ಬಂದರು.

ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಹೋಗುತ್ತಾರಲ್ಲ, ಹಾಗೇ ಇದು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. 2015ರಲ್ಲಿ ಯೆಮನ್ ಯುದ್ಧದಿಂದ ಭಾರತ ತನ್ನವರ ಜೊತೆ 41 ದೇಶಗಳ 900ಕ್ಕೂ ಹೆಚ್ಚು ಜನರನ್ನು ಹೊರಗೆ ತಂದಿತ್ತು. 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪಕ್ಕೆ ನಮ್ಮ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಹೋಗಿತ್ತು. ಅವು ನಾನು ಟಿವಿಯಲ್ಲಿ ನೋಡಿ ಚಾನೆಲ್ ಬದಲಾಯಿಸಿದ ಸುದ್ದಿಗಳು. ಈಗ ಹಾಗೆ ಬದಲಾಯಿಸಲು ಆಗುವುದಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ಹಳದಿ ಜ್ವರದ ಲಸಿಕೆ ಹಾಕಿಸದವರನ್ನು ಕ್ವಾರಂಟೈನ್‌ಗೆ ಕಳಿಸಿದರು. ನಮ್ಮ ಬಳಿ ಲಸಿಕೆ ಕಾರ್ಡ್ ಇತ್ತು, ನೇರ ಊರಿಗೆ ಬಂದೆವು. ಆಫ್ರಿಕಾಕ್ಕೆ ವ್ಯಾಪಾರಕ್ಕೆ ಹೋಗುವ ನಮ್ಮ ಹುಡುಗರೇ, ಆ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.

ಮೇ ಮೊದಲ ವಾರದ ಹೊತ್ತಿಗೆ ಹೀಗೆ ಬಂದವರು ಒಟ್ಟು 3,862 ಜನ. ಖಾರ್ಟೂಮಿನ ಆ ಯಜಮಾನರ ನಂಬರಿಗೆ ನಾನು ಇವತ್ತಿಗೂ ಶುಕ್ರವಾರ ಫೋನ್ ಮಾಡುತ್ತೇನೆ. ಹೋಗುತ್ತಿಲ್ಲ. ಹೊರಡುವಾಗ ನಮ್ಮ ಎಣ್ಣೆಯ ಪೆಟ್ಟಿಗೆಗಳನ್ನು ಅವರ ಜಗುಲಿಯಲ್ಲೇ ಬಿಟ್ಟಿದ್ದೆವು. ನೀವು ಬರುವ ತನಕ ಇಟ್ಟಿರುತ್ತೇನೆ ಅಂದಿದ್ದರು.