ಕ್ಲೋನ್‌ಜಿಲ್ಲಾ: ಅಂಗಡಿ ಉಳಿಸಿತು, 480 ಜಿಬಿ ಮುಂದೆ ಹಟ ಹಿಡಿಯಿತು

ಡಿಟಿಪಿ ಅಂಗಡಿ ನಡೆಸುವವರಿಗೆ ಫೈಲ್‌ಗಳ ಬ್ಯಾಕಪ್ ಮಾತ್ರ ಇದ್ದರೆ ಸಾಲದು. ಶಿರಸಿಯಲ್ಲಿ ನಮ್ಮದು ಚಿಕ್ಕ ಅಂಗಡಿ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇಂಥವೇ ಕೆಲಸ. ಹಳೆಯದೆಲ್ಲ ಇನ್ನೂ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲೇ ಇದೆ. ಅದು 2001ರಲ್ಲಿ ಬಂದದ್ದು, ಪೇಜ್‌ಮೇಕರ್ 8 ಬರಲೇ ಇಲ್ಲ. ಅಕ್ಷರಗಳು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನವು, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇದರ ಮೇಲೆ ಪ್ರಿಂಟರ್ ಡ್ರೈವರ್, ಕಾರ್ಡಿಗೂ ಕವರಿಗೂ ಬೇರೆ ಬೇರೆ ಪೇಪರ್ ಸೈಜ್, ನಾವೇ ಹೊಂದಿಸಿಕೊಂಡ ಬಣ್ಣ. ವಿಂಡೋಸ್ ಹೊಸದಾಗಿ ಹಾಕಿದರೆ ಇಷ್ಟನ್ನೂ ಮತ್ತೆ ಮೊದಲಿಂದ ಕೂರಿಸಬೇಕು. ಅಷ್ಟು ದಿನ ಗಿರಾಕಿಗಳು ಕಾಯ್ತಾರಾ?

ಹಾಗಾಗಿ ನಮಗೆ ಬೇಕಿದ್ದದ್ದು ಇಡೀ ಡಿಸ್ಕಿನ ಇಮೇಜ್, ಅಂದರೆ ವಿಂಡೋಸ್, ಸಾಫ್ಟ್‌ವೇರ್, ಫೈಲ್ ಎಲ್ಲ ಸೇರಿದ ಪೂರ್ತಿ ನಕಲು. ಮೊದಲು ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ ಇತ್ತು. ಅದನ್ನು ನಿಲ್ಲಿಸಿದರು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳು ಈಗ ಹೆಚ್ಚಾಗಿ ವರ್ಷದ ಚಂದಾ ಕೇಳುತ್ತವೆ. ಇಂಥ ಇಮೇಜ್ ತೆಗೆಯುವ ಕ್ಲೋನ್‌ಜಿಲ್ಲಾ ಪೂರ್ತಿ ಉಚಿತ, ಅದರ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ತೈವಾನಿನ ಎನ್‌ಸಿಎಚ್‌ಸಿ ಎಂಬ ಸಂಶೋಧನಾ ಕೇಂದ್ರದವರು ಮಾಡಿದ್ದು. ನನಗೆ ಖರ್ಚು ಬಂದದ್ದು ಹೊರಗಿನ ಹಾರ್ಡ್ ಡಿಸ್ಕಿಗೆ ಮತ್ತು ಒಂದು ಪೆನ್‌ಡ್ರೈವಿಗೆ ಮಾತ್ರ. ಏನೇನು ಸೌಲಭ್ಯ ಇದೆ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟು ದಿನನಿತ್ಯದ ಬಳಕೆ ಹೇಗಿದೆ ಅಂತ ಹೇಳುತ್ತೇನೆ.

ತಿಂಗಳ ಕೊನೆಯ ಶನಿವಾರ ಸಂಜೆ ನಮ್ಮಲ್ಲಿ ಇಮೇಜ್ ತೆಗೆಯುವ ಹೊತ್ತು. ಅರ್ಧ ಶಟರ್ ಇಳಿಸಿ, ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡುತ್ತೇನೆ. ಈ ಶಿಫ್ಟ್ ಮುಖ್ಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದಿದೆ. ಅದರಿಂದಾಗಿ ಕಂಪ್ಯೂಟರ್ ಆಫ್ ಆದಂತೆ ಕಂಡರೂ ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಇಮೇಜ್ ತೆಗೆಯಲು ಹೋದರೆ ಕ್ಲೋನ್‌ಜಿಲ್ಲಾ ತಕರಾರು ಮಾಡುತ್ತದೆ. ಶಿಫ್ಟ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ.

ಆಮೇಲೆ ಕ್ಲೋನ್‌ಜಿಲ್ಲಾ ಹಾಕಿಟ್ಟ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿ, ವಿಂಡೋಸ್ ಬದಲು ಅದರಿಂದ ಏಳಲು ಎಫ್12. ಮೊದಲ ಪಟ್ಟಿಯಲ್ಲಿ ಎಲ್ಲವನ್ನೂ ರ‍್ಯಾಮ್‌ಗೆ ತುಂಬಿಕೊಳ್ಳುವ ಆಯ್ಕೆ ಇದೆ, ನಾನು ಯಾವಾಗಲೂ ಅದನ್ನೇ ಆರಿಸುತ್ತೇನೆ. ತುಂಬಿಕೊಂಡ ಮೇಲೆ ಪೆನ್‌ಡ್ರೈವ್ ಕಿತ್ತು ಡ್ರಾಯರಿನಲ್ಲಿ ಇಟ್ಟುಬಿಡಬಹುದು. ನಂತರ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಬೇಕು. ಕಪ್ಪು ಪರದೆಯಲ್ಲಿ ಡಿಸ್ಕ್‌ಗಳ ಪಟ್ಟಿ ಆಗಾಗ ಹೊಸದಾಗಿ ಮೂಡುತ್ತದೆ. ನಮ್ಮ ಡಿಸ್ಕಿನ ಹೆಸರು ಕಂಡಕೂಡಲೇ ಕಂಟ್ರೋಲ್ ಸಿ. ಇಮೇಜಿಗೆ ಅದು ತಾನೇ ದಿನಾಂಕದ ಹೆಸರು ಕೊಡುತ್ತದೆ, ನಾನು ಅದರ ಮುಂದೆ ಅಂಗಡಿಯ ಹೆಸರು ಸೇರಿಸುತ್ತೇನೆ. ಕೊನೆಯಲ್ಲಿ 'ತೆಗೆದ ಇಮೇಜ್ ವಾಪಸ್ ಹಾಕಲು ಬರುತ್ತದಾ ಪರೀಕ್ಷಿಸಲೇ' ಎಂದು ಕೇಳುತ್ತದೆ. ಇದಕ್ಕೆ ಯಾವತ್ತೂ ಬೇಡ ಎನ್ನಬೇಡಿ. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಆದರೆ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.

ಅಲ್ಲಿಂದ ಮುಂದೆ ನಮ್ಮ ಕೆಲಸವಿಲ್ಲ. ಬೂದು ಚೌಕದೊಳಗೆ ಪಟ್ಟಿ ನಿಧಾನ ತುಂಬುತ್ತಾ ಹೋಗುತ್ತದೆ, ನಿಮಿಷಕ್ಕೆ ಎಷ್ಟು ಜಿಬಿ, ಇನ್ನೆಷ್ಟು ಹೊತ್ತು ಅಂತ ಕೆಳಗೆ ಬರುತ್ತಿರುತ್ತದೆ. ಆ ಹೊತ್ತಿಗೆ ನಾನು ದಿನದ ಲೆಕ್ಕ ಬರೆದು, ಕಟಿಂಗ್ ಮೆಷಿನ್ ಒರೆಸಿ, ಸೋಮವಾರದ ಕಾಗದ ಎಣಿಸಿ ಇಡುತ್ತೇನೆ. ಡಿಸ್ಕ್ ಎಷ್ಟೇ ದೊಡ್ಡದಿರಲಿ, ತುಂಬಿದ ಜಾಗವನ್ನಷ್ಟೇ ಓದಿ ಒತ್ತಿ ಚಿಕ್ಕದು ಮಾಡುತ್ತದೆ. ಹಾಗಾಗಿ ಹಲವು ತಿಂಗಳ ಇಮೇಜ್‌ಗಳು ಒಂದೇ ಹೊರಗಿನ ಡಿಸ್ಕಿನಲ್ಲಿ ಹಿಡಿಯುತ್ತವೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನಂಬುವಂತಿಲ್ಲ. ಇನ್ವರ್ಟರ್ ಬ್ಯಾಟರಿ ತುಂಬಿದೆಯಾ ನೋಡಿಯೇ ಶುರು ಮಾಡುತ್ತೇನೆ.

ಇದರ ಬೆಲೆ ಗೊತ್ತಾದದ್ದು ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಒಂದು ಬೆಳಿಗ್ಗೆ ಮುಖ್ಯ ಕಂಪ್ಯೂಟರಿಗೆ ಅದರ 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಕಾಣಿಸಲೇ ಇಲ್ಲ. ಹಾರ್ಡ್ ಡಿಸ್ಕ್ ಆಗಿದ್ದರೆ ಟಕ ಟಕ ಶಬ್ದ ಮಾಡಿ ಮುಂಚೆ ಸೂಚನೆ ಕೊಡುತ್ತಿತ್ತೇನೋ. ಇದು ಸದ್ದಿಲ್ಲದೆ ಸತ್ತಿತ್ತು. ಹೊಸ 512 ತಂದು, ಉಳಿದ ಡಿಸ್ಕ್‌ಗಳ ವೈರ್ ಎಲ್ಲ ಕಳಚಿಟ್ಟು, ಇಮೇಜ್ ವಾಪಸ್ ಹಾಕಿದೆ. ಹಾಕುವ ಮುಂಚೆ ಕ್ಲೋನ್‌ಜಿಲ್ಲಾ ಎರಡು ಸಲ ಕೇಳುತ್ತದೆ: ಈ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ, ಮುಂದುವರಿಯಲೇ? ಯಾವ ಡಿಸ್ಕ್ ಅಂತ ಮಾಡೆಲ್ ಸಮೇತ ತೋರಿಸುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ವಿಂಡೋಸ್ ಎದ್ದಿತು, ಪೇಜ್‌ಮೇಕರ್ ತೆರೆಯಿತು, ನುಡಿ ಅಕ್ಷರ ಸರಿಯಾಗಿ ಮೂಡಿತು. ಪ್ರಿಂಟ್ ಕೊಟ್ಟೆ, ಕವರ್ ಸೈಜ್ ಕೂಡ ಹಾಗೇ ಇತ್ತು. ನಡುವಿನ ದಿನಗಳ ಫೈಲ್‌ಗಳು ಪೆನ್‌ಡ್ರೈವಿನಲ್ಲಿ ಇದ್ದವು. ಮಧ್ಯಾಹ್ನದ ಹೊತ್ತಿಗೆ ಮಾಮೂಲಿ ಕೆಲಸ. ಆವತ್ತಿನ ಖುಷಿ ಈಗಲೂ ಇದೆ.

ಇಷ್ಟು ಹೊಗಳಿದ ಮೇಲೆ ಸಿಟ್ಟು ಬರಿಸಿದ ವಿಷಯಕ್ಕೆ ಬರುತ್ತೇನೆ. ನಮ್ಮ ಎರಡನೇ ಕಂಪ್ಯೂಟರಿನಲ್ಲಿ 500 ಜಿಬಿಯ ಹಳೇ ಹಾರ್ಡ್ ಡಿಸ್ಕ್ ಇತ್ತು. ಆನ್ ಮಾಡಿ ದೇವರಿಗೆ ದೀಪ ಹಚ್ಚಿ ಬಂದರೂ ಡೆಸ್ಕ್‌ಟಾಪ್ ಬಂದಿರುತ್ತಿರಲಿಲ್ಲ. ಅದಕ್ಕೆ ಎಸ್‌ಎಸ್‌ಡಿ ಹಾಕೋಣ ಅಂತ ಹೋದರೆ ಅಂಗಡಿಯಲ್ಲಿ ಇದ್ದದ್ದು 480. "ಎರಡೂ ಒಂದೇ ಸರ್, ಇಪ್ಪತ್ತು ಜಿಬಿ ಏನ್ ಮಹಾ" ಅಂದರು. ನಮ್ಮ ಹಳೇ ಡಿಸ್ಕಿನಲ್ಲಿ ತುಂಬಿದ್ದು 70 ಜಿಬಿ ಆಸುಪಾಸು. 480ರಲ್ಲಿ ಧಾರಾಳ ಹಿಡಿಯಬೇಕಲ್ವಾ? ಕ್ಲೋನ್‌ಜಿಲ್ಲಾ ಒಪ್ಪಲಿಲ್ಲ. ಗುರಿ ಡಿಸ್ಕ್ ಚಿಕ್ಕದಿದೆ ಎಂದು ಹೇಳಿ ನಿಂತುಬಿಟ್ಟಿತು.

ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ಅದು ಫೈಲ್‌ಗಳನ್ನು ಎತ್ತಿ ಬೇರೆ ಕಡೆ ಜೋಡಿಸುವುದಿಲ್ಲ. ಡಿಸ್ಕಿನ ಯಾವ ಬ್ಲಾಕಿನಲ್ಲಿ (ಖಾನೆಯಲ್ಲಿ) ಏನಿತ್ತೋ ಹೊಸ ಡಿಸ್ಕಿನಲ್ಲೂ ಅದೇ ಲೆಕ್ಕದ ಬ್ಲಾಕಿನಲ್ಲಿ ಅದನ್ನು ಇಡುತ್ತದೆ. ಅದಕ್ಕೇ ಅದು ಅಷ್ಟು ವೇಗ, ಅಷ್ಟು ನಿಖರ. ಆದರೆ ಪಾರ್ಟಿಷನ್ (ಸಿ ಡ್ರೈವ್‌ನಂಥ ಡಿಸ್ಕಿನ ಭಾಗ) 500ರ ಕೊನೆಯವರೆಗೂ ಹರಡಿದ್ದರೆ 480ರಲ್ಲಿ ಆ ಕೊನೆಯೇ ಇಲ್ಲ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು ಎಂದು ಅವರೇ ಬರೆದಿಟ್ಟಿದ್ದಾರೆ, ಮುಚ್ಚಿಟ್ಟಿಲ್ಲ.

ಒಪ್ಪುತ್ತೇನೆ. ಆದರೂ ಇದು ನಮ್ಮಂಥವರಿಗೆ ಸಣ್ಣ ಕೊರತೆಯಲ್ಲ. ನಮ್ಮ ಕಡೆ ಕಂಪ್ಯೂಟರ್ ರಿಪೇರಿಗೆ ಬರುವವರಲ್ಲಿ ಎಷ್ಟೋ ಜನ 500 ಅಥವಾ 1 ಟಿಬಿಯ ಹಾರ್ಡ್ ಡಿಸ್ಕ್ ತೆಗೆದು 240ಕ್ಕೋ 256ಕ್ಕೋ ಹೋಗುವವರೇ. ಬಜೆಟ್ ಅಷ್ಟೇ ಇರುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಹೋಗುವುದೇ ನಮ್ಮ ಮಾಮೂಲಿ ದಾರಿ, ಆ ದಾರಿಯಲ್ಲೇ ಈ ಸಾಫ್ಟ್‌ವೇರ್ ಕೈ ಹಿಡಿಯುವುದಿಲ್ಲ. ದುಡ್ಡಿನ ಸಾಫ್ಟ್‌ವೇರ್‌ಗಳು ನಕಲು ಮಾಡುವಾಗಲೇ ಪಾರ್ಟಿಷನ್ ಕುಗ್ಗಿಸಿಕೊಳ್ಳುತ್ತವೆ.

ದಾರಿ ಇಲ್ಲ ಅಂತಲ್ಲ, ಸುತ್ತು ಜಾಸ್ತಿ. ಮೊದಲು ಸಿ ಡ್ರೈವ್ ಕುಗ್ಗಿಸಬೇಕು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪ್ರಯತ್ನಿಸಿದರೆ ಖಾಲಿ ಜಾಗ ಎಷ್ಟೇ ಇದ್ದರೂ ನಡುವೆ ನಿಲ್ಲುತ್ತದೆ, ಪೇಜ್ ಫೈಲ್‌ನಂಥ ಕದಲದ ಫೈಲ್‌ಗಳು ಅಡ್ಡ ಕೂತಿರುತ್ತವೆ. ನಾನು ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಎಂಬ ಸಾಫ್ಟ್‌ವೇರ್‌ನಿಂದ ಬೂಟ್ ಮಾಡಿ ಕುಗ್ಗಿಸಿದೆ. ಕೊನೆಯಲ್ಲಿದ್ದ ರಿಕವರಿ ಪಾರ್ಟಿಷನ್ ಅನ್ನೂ ಎಡಕ್ಕೆ ಸರಿಸಬೇಕು, ಇಲ್ಲದಿದ್ದರೆ ಕುಗ್ಗಿಸಿ ಪ್ರಯೋಜನವಿಲ್ಲ. ಆಮೇಲೆ ಕ್ಲೋನ್‌ಜಿಲ್ಲಾದಲ್ಲಿ ಬಿಗಿನರ್ ಬಿಟ್ಟು ಎಕ್ಸ್‌ಪರ್ಟ್ ಮೋಡ್‌ಗೆ ಹೋಗಿ, ಡಿಸ್ಕಿನ ಅಳತೆ ನೋಡಬೇಡ ಎನ್ನುವ 'ಐಸಿಡಿಎಸ್' ಆಯ್ಕೆಗೆ ಗುರುತು ಹಾಕಬೇಕು. ಇದೆಲ್ಲ ಮಾಡುವ ಮುಂಚೆ ಮೂಲ ಡಿಸ್ಕಿನ ಒಂದು ಪೂರ್ತಿ ಇಮೇಜ್ ಬೇರೆ ಕಡೆ ಇರಲೇಬೇಕು. ಒಂದು ಭಾನುವಾರ ಹೋಯಿತು, ಕೆಲಸ ಆಯಿತು. ಆ ಕಂಪ್ಯೂಟರ್ ಈಗ ಚುರುಕಾಗಿದೆ.

ಆ ಭಾನುವಾರದ ಕೋಪದಲ್ಲಿ ಬೇರೆಯದಕ್ಕೆ ಹೋಗೋಣ ಅಂತಲೂ ನೋಡಿದೆ. ರೆಸ್ಕ್ಯೂಜಿಲ್ಲಾ ಅಂತ ಇದೆ, ಅದೂ ಉಚಿತ. ಮೌಸ್ ಹಿಡಿದು ಮಾಡಬಹುದು, ಕ್ಲೋನ್‌ಜಿಲ್ಲಾದ ಇಮೇಜ್‌ಗಳನ್ನೂ ಓದುತ್ತದೆ. ಇನ್ನೂ ಒಂದು ಅನುಕೂಲ: ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ ತೆರೆದು ಒಂದೇ ಒಂದು ಫೈಲ್ ಹೊರಗೆ ತೆಗೆಯಲು ಬರುವುದಿಲ್ಲ, ರೆಸ್ಕ್ಯೂಜಿಲ್ಲಾ ಅದನ್ನು ತೆರೆದು ತೋರಿಸುತ್ತದೆ. ಈಗ ಎರಡನ್ನೂ ಒಂದೇ ಪೆನ್‌ಡ್ರೈವಿಗೆ ವೆಂಟಾಯ್ ಎಂಬ ಸಾಫ್ಟ್‌ವೇರ್‌ನಿಂದ ಹಾಕಿಟ್ಟಿದ್ದೇನೆ. ತಿಂಗಳ ಇಮೇಜ್ ಮಾತ್ರ ಕ್ಲೋನ್‌ಜಿಲ್ಲಾದಲ್ಲೇ, ಜಾತ್ರೆಯ ದಿನ ಕೈಬಿಡದ್ದನ್ನು ಬಿಡಲು ಮನಸ್ಸಿಲ್ಲ.

ವಿಂಡೋಸ್ 11ಕ್ಕೆ ಹೋದವರಿಗೆ ಒಂದು ಮಾತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯಾ ನೋಡಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ. ಬೀಗ ಹಾಕಿದ ಪಾರ್ಟಿಷನ್‌ನಲ್ಲಿ ಯಾವ ಜಾಗ ಖಾಲಿ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಇಡೀ ಪಾರ್ಟಿಷನ್ ನಕಲಾಗಿ ಇಮೇಜ್ ದೈತ್ಯವಾಗುತ್ತದೆ. ಆ ಬೀಗ ತೆರೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಮೇಜ್ ಇಲ್ಲದೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನೇರ ಕ್ಲೋನ್ ಮಾಡಿದ ಮೇಲೆ ಹಳೇ ಮತ್ತು ಹೊಸ ಡಿಸ್ಕ್ ಎರಡನ್ನೂ ಜೋಡಿಸಿಟ್ಟು ಕಂಪ್ಯೂಟರ್ ಆನ್ ಮಾಡಬೇಡಿ, ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್‌ಗೆ ಗೊಂದಲವಾಗುತ್ತದೆ.

ಭಾಷೆಯ ಪಟ್ಟಿಯಲ್ಲಿ ಕನ್ನಡ ಇಲ್ಲ ಎನ್ನುವುದು ಬೇಸರದ ಸಂಗತಿ. ನಮ್ಮಲ್ಲಿ ಕೆಲಸ ಮಾಡುವ ಹುಡುಗಿಗೆ ಕನ್ನಡ ಟೈಪಿಂಗ್ ನನಗಿಂತ ಚೆನ್ನಾಗಿ ಬರುತ್ತದೆ, ಆದರೆ ಆ ಇಂಗ್ಲಿಷ್ ಪರದೆಗಳ ಮುಂದೆ "ಸರ್, ಇದನ್ನ ನೀವೇ ಒತ್ತಿ" ಅನ್ನುತ್ತಿದ್ದಳು. ಪ್ರತಿ ಪರದೆಯ ಫೋಟೋ ತೆಗೆದು, ಪಕ್ಕದಲ್ಲಿ ಯಾವುದನ್ನು ಆರಿಸಬೇಕು ಅಂತ ಕನ್ನಡದಲ್ಲಿ ಬರೆದು, ಲ್ಯಾಮಿನೇಷನ್ ಮಾಡಿ ಕಂಪ್ಯೂಟರ್ ಪಕ್ಕ ತೂಗುಹಾಕಿದೆ. ಈಗ ಇಮೇಜ್ ತೆಗೆಯುವುದು ಅವಳೇ. ವಾಪಸ್ ಹಾಕುವ ಭಾಗವನ್ನು ಮಾತ್ರ ಕೆಂಪು ಕಾಗದದಲ್ಲಿ ಬೇರೆ ಮಾಡಿಟ್ಟಿದ್ದೇನೆ, ಅದನ್ನು ಇಬ್ಬರೂ ಸೇರಿಯೇ ಮಾಡಬೇಕು.

ಎಸ್‌ಎಸ್‌ಡಿ ಕೊಳ್ಳಲು ಹೊರಟವರು ಹಳೇ ಡಿಸ್ಕಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. 500 ಇದ್ದರೆ 512 ಕೇಳಿ, 480 ಬೇಡ. 240 ಇದ್ದರೆ 256 ಕೇಳಿ. ಬಜೆಟ್ ಸಾಲದೆ ಚಿಕ್ಕದನ್ನೇ ತರಬೇಕಾದರೆ, ಆ ಕಂಪನಿ ತನ್ನ ಡಿಸ್ಕ್ ಕೊಂಡವರಿಗೆ ಕ್ಲೋನಿಂಗ್ ಸಾಫ್ಟ್‌ವೇರ್ ಉಚಿತವಾಗಿ ಕೊಡುತ್ತದಾ ವಿಚಾರಿಸಿ, ಕೆಲವರು ಕೊಡುತ್ತಾರೆ.