ಮಲೆನಾಡಿನ ಹುಳುಹುಪ್ಪಟೆಗಳ ಎದುರು ಇಬ್ಬರು ಮಲಗುವ ಟೆಂಟ್: ಒಂದು ವಿಮರ್ಶೆ

ಟೆಂಟ್ ತಯಾರಿಸುವವರು ಮಳೆಯ ಬಗ್ಗೆ ಬರೆಯುವಷ್ಟನ್ನು ಹುಳಗಳ ಬಗ್ಗೆ ಬರೆಯುವುದಿಲ್ಲ. ನಾನು ಕಳೆದ ಮುಂಗಾರಿನಿಂದ ಬಳಸುತ್ತಿರುವ, ಇಬ್ಬರು ಮಲಗಬಹುದಾದ ಎರಡು ಪದರದ ಟೆಂಟಿನ ಚೀಲದ ಮೇಲೂ ಹೊರಹೊದಿಕೆಯು 2,000 ಮಿಲಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆಯುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒಳಗಿನ ಜಾಲರಿಯ ಕಣ್ಣು ಎಷ್ಟು ಸಣ್ಣದೆಂಬುದಕ್ಕೆ ಒಂದು ಸಾಲೂ ಇಲ್ಲ. ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ರಾತ್ರಿ ತಂಗುವವರಿಗೆ ಈ ಎರಡನೆಯ ವಿವರವೇ ಹೆಚ್ಚು ಬೇಕಾದದ್ದು. ಹಾಸಿಗೆ ಒದ್ದೆಯಾದರೂ ಹೇಗೋ ಬೆಳಗು ಮಾಡಬಹುದು, ನುಸಿ ಹೊಕ್ಕ ಟೆಂಟಿನಲ್ಲಿ ಕಣ್ಣು ಮುಚ್ಚಲಾಗದು. ಆದ್ದರಿಂದ ಈ ವಿಮರ್ಶೆ ಆ ಒಂದು ದೃಷ್ಟಿಯಿಂದಲೇ ಬರೆದದ್ದು. ಆರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇದೇ ನಮೂನೆಯ ಟೆಂಟುಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ಮೊದಲು ಜಾಲರಿ. ಮನೆಯ ಸೊಳ್ಳೆಪರದೆಯಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 156 ಕಣ್ಣುಗಳಿರುತ್ತವೆ. ಅಂದರೆ ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು ಐದು. ಸೊಳ್ಳೆಗೆ ಅಷ್ಟು ಸಾಕು. ಆದರೆ ತೊರೆಯ ಅಂಚಿನಲ್ಲಿ, ಗೊಬ್ಬರದ ಗುಂಡಿಯ ಬಳಿಯಲ್ಲಿ ಮುಸ್ಸಂಜೆಗೆ ಏಳುವ ನುಸಿಗಳ ಮೈಯುದ್ದವೇ ಒಂದರಿಂದ ಮೂರು ಮಿಲಿಮೀಟರ್ ಮಾತ್ರವಾದ್ದರಿಂದ ಅವು ಅಂತಹ ಪರದೆಯಲ್ಲಿ ನಿರಾಯಾಸವಾಗಿ ತೂರಿಬರುತ್ತವೆ. ಈ ಟೆಂಟಿನ ಜಾಲರಿಯನ್ನು ಅಳತೆಪಟ್ಟಿಯ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಎಣಿಸಿದಾಗ ಸೆಂಟಿಮೀಟರಿಗೆ ಅದರ ಇಮ್ಮಡಿಗಿಂತ ಹೆಚ್ಚು ಕಣ್ಣುಗಳು ಕಂಡವು. ನುಸಿಗಳು ಹೊರಗೇ ಉಳಿದವು. ಅಂಗಡಿಯಲ್ಲಿ ನಿಂತೇ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ಮಾರಾಟಗಾರ ವಿಚಿತ್ರವಾಗಿ ನೋಡಿದರೆ ನೋಡಲಿ. ಇಷ್ಟು ಒತ್ತಾದ ಜಾಲರಿಯಲ್ಲಿ ಗಾಳಿ ಕಡಿಮೆ ಆಡುತ್ತದೆ, ಮೇ ತಿಂಗಳ ಸೆಕೆಯಲ್ಲಿ ಬೆವರು ಹರಿಯುತ್ತದೆ ಎಂಬುದು ನಿಜ. ಎರಡರಲ್ಲಿ ನನಗೆ ಬೆವರೇ ವಾಸಿ.

ಜಾಲರಿಯಲ್ಲಿ ಗಳಿಸಿದ್ದನ್ನು ಇದು ಜಿಪ್ಪಿನಲ್ಲಿ ಕಳೆದುಕೊಂಡಿದೆ. ಬಾಗಿಲಿನ ಎರಡು ಜಿಪ್ಪುಗಳು ಕೂಡುವಲ್ಲಿ ಕಿರುಬೆರಳ ತುದಿ ಹೋಗುವಷ್ಟು ಸಂದು ಉಳಿಯುತ್ತದೆ, ಮತ್ತು ಅವುಗಳನ್ನು ಎಳೆದ ಹಾಗೆ ಬಿಟ್ಟರೆ ಆ ಸಂದು ಬಂದು ನಿಲ್ಲುವುದು ನೆಲದ ಮಟ್ಟದ ಮೂಲೆಯಲ್ಲಿ. ಗೊದ್ದ, ಕೆಂಜಿಗಗಳಿಗೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಬೇಕಿಲ್ಲ. ಒಳಗೆ ಬೆಲ್ಲ ಹಾಕಿದ ಕಡುಬೋ ಬಿಸ್ಕತ್ತಿನ ಪುಡಿಯೋ ಇದ್ದರೆ ಅರ್ಧ ಗಂಟೆಯಲ್ಲಿ ಸಾಲು ಕಟ್ಟುತ್ತವೆ. ಎರಡೂ ಜಿಪ್ಪುಗಳನ್ನು ಬಾಗಿಲಿನ ನೆತ್ತಿಗೆ ಒಯ್ದು ನಿಲ್ಲಿಸಿ ಸಂದಿಗೆ ಸಣ್ಣ ಬಟ್ಟೆ ತುರುಕಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಈ ಉಪಾಯವನ್ನು ಕೊಂಡವರೇ ಕಂಡುಕೊಳ್ಳಬೇಕಾಗಿ ಬಂದಿರುವುದು ತಯಾರಕರ ಲೋಪ.

ಮಳೆಗಾಲದ ಇಂಬಳಗಳು, ಅಂದರೆ ನೆಲದ ಜಿಗಣೆಗಳು, ಜಾಲರಿ ತೂರಿ ಬರುವುದಿಲ್ಲ, ನಮ್ಮೊಂದಿಗೇ ಬರುತ್ತವೆ. ನೆಲದ ಕಂಪನ, ಮೈಯ ಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳ ಸುಳಿವು ಹಿಡಿದು, ಹಿಂಬದಿಯ ಹೀರುಬಟ್ಟಲನ್ನು ಊರಿ ಮೈ ನಿಗುರಿಸಿ ಕಾಯುವ ಈ ಜೀವಿ ಬೂಟಿನ ನಾಲಗೆಯ ಕೆಳಗೆ, ಕಾಲುಚೀಲದ ಹೆಣಿಗೆಯಲ್ಲಿ, ಚೀಲದ ಪಟ್ಟಿಯ ಮಡಿಕೆಯಲ್ಲಿ ಸೇರಿಕೊಂಡಿರುತ್ತದೆ. ಹಾಗಾಗಿ ಒಳಗೆ ಹೋಗುವ ಮುನ್ನ ಕೂತು, ಕಾಲು ನೋಡಿಕೊಂಡು, ಬೂಟು ಕಳಚಿಡಲು ಒಂದಿಷ್ಟು ಜಗುಲಿ ಬೇಕೇ ಬೇಕು. ಈ ಟೆಂಟಿನ ಹೊರಹೊದಿಕೆಯ ಕೆಳಗೆ ಸಿಗುವ ಜಾಗ ಎರಡು ಜೊತೆ ಬೂಟಿಗೇ ಮುಗಿದುಹೋಗುತ್ತದೆ. ಮಳೆಯಲ್ಲಿ ಹೊರಗೆ ನಿಲ್ಲಲಾಗದೆ ಜನ ಬೂಟುಸಮೇತ ಒಳಕ್ಕೆ ನುಗ್ಗುತ್ತಾರೆ, ಜೊತೆಗೆ ಇಂಬಳವೂ. ತೋಟದ ಕೆಲಸದವರಂತೆ ಹೊಗೆಸೊಪ್ಪಿನ ಪುಡಿ ಕಲಸಿದ ಕೊಬ್ಬರಿ ಎಣ್ಣೆಯನ್ನು ಕಾಲಿಗೆ ಸವರಿಕೊಳ್ಳುವುದು ಒಳ್ಳೆಯದು. ಬಾಗಿಲಿಗೆ ಉಪ್ಪು ಚೆಲ್ಲುವುದು ಬೇಡ. ಅದು ತೇವ ಎಳೆದುಕೊಂಡು ನೆಲವನ್ನೆಲ್ಲ ಅಂಟಂಟು ಮಾಡುತ್ತದೆ.

ಚಾವಣಿಯ ನಡುವೆ ದೀಪಕ್ಕೆಂದು ಕೊಟ್ಟಿರುವ ಕೊಂಡಿಯನ್ನು, ಕನಿಷ್ಠ ಮೊದಲ ಮಳೆಯ ವಾರಗಳಲ್ಲಿ, ಬಳಸಲೇಬಾರದು. ಹುತ್ತದಿಂದ ಎದ್ದ ರೆಕ್ಕೆಯ ಗೆದ್ದಲುಗಳು ಬೆಳಕಿಗೆ ಮುಗಿಬಿದ್ದು, ಜಾಲರಿಯ ಮೇಲೆಲ್ಲ ರೆಕ್ಕೆ ಉದುರಿಸಿ, ಅವುಗಳ ಹಿಂದೆಯೇ ಕಪ್ಪೆಗಳನ್ನೂ ಕರೆತರುತ್ತವೆ. ದೀಪವನ್ನು ಹತ್ತು ಹೆಜ್ಜೆ ದೂರದ ಮರಕ್ಕೆ ತೂಗುಹಾಕುವುದು ಮೇಲು.

ನೆಲಹಾಸಿನ ಬಗ್ಗೆ ದೂರಿಲ್ಲ. ಅಂಚು ಗೇಣೆತ್ತರ ಮೇಲೆದ್ದಿದೆ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೆ. ಬೆಳಗ್ಗೆ ಟೆಂಟ್ ಎತ್ತುವಾಗ ಮಾತ್ರ ಅಡಿಗೆ ಕೈ ಹಾಕದೆ ಕೋಲಿನಿಂದ ಎಬ್ಬಿಸಬೇಕು, ಏಕೆಂದರೆ ಅಲ್ಲಿನ ಒಣ ಜಾಗ ಚೇಳಿಗೂ ಇಷ್ಟ. ನೇರಳಾತೀತ ಕಿರಣದ ಟಾರ್ಚ್ ಇದ್ದರೆ ಚೇಳಿನ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆದು ಕತ್ತಲಲ್ಲಿ ಸುಲಭವಾಗಿ ಕಾಣುತ್ತದೆ.

ಯಾವ ಟೆಂಟಿನಿಂದಲೂ ಪರಿಹಾರವಾಗದ ಒಂದು ಪ್ರಾಣಿಯೆಂದರೆ ಉಣ್ಣೆಹುಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಕಾಯಿಲೆ ಹೆಚ್ಚುವುದು ಒಣಹವೆಯ ಡಿಸೆಂಬರಿನಿಂದ ಮೇ ತನಕ, ಅಂದರೆ ಜನ ಟೆಂಟ್ ಹೊತ್ತು ಹೊರಡುವ ತಿಂಗಳುಗಳಲ್ಲೇ. ಎಳೆಯ ಉಣ್ಣೆಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ತರಗೆಲೆಯ ಮೇಲೆ ಕೂತವರ ಬಟ್ಟೆಗೆ ಹತ್ತಿ ಒಳಗೆ ಬರುವುದರಿಂದ ಜಾಲರಿ ಎಷ್ಟು ಒತ್ತಾಗಿದ್ದರೂ ಪ್ರಯೋಜನವಿಲ್ಲ. ಆ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿಗೆ ಹೋಗುವವರು ಮಂಗ ಸತ್ತ ಸುದ್ದಿಯಿದೆಯೇ ಎಂದು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಇದ್ದರೆ ಟೆಂಟ್ ಹಾಕುವ ಯೋಚನೆಯನ್ನೇ ಬಿಡಬೇಕು. ಇಲ್ಲದಿದ್ದರೂ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡೇ ಓಡಾಡಬೇಕು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಜಿಪ್ಪಿಗೆ, ಅರ್ಧ ಜಗುಲಿಗೆ ಹೋಯಿತು. ಉಳಿದರ್ಧ ಹೋದದ್ದು ತೇಪೆಗೆ: ಪೆಟ್ಟಿಗೆಯಲ್ಲಿ ಹೊರಹೊದಿಕೆಗೆ ಅಂಟಿಸುವ ತೇಪೆ ಕೊಟ್ಟವರು ಮುಳ್ಳು ತಾಗಿದರೆ ಮೊದಲು ಹರಿಯುವ ಜಾಲರಿಗೆ ಒಂದು ತುಂಡನ್ನೂ ಕೊಟ್ಟಿಲ್ಲ, ಕಿಟಕಿಗೆ ಹಾಕುವ ಬಲೆಯನ್ನು ಕತ್ತರಿಸಿ ಹೊಲಿದರೆ ನುಸಿ ಅಲ್ಲಿಂದಲೇ ಬರುತ್ತದೆ.