ದವಾಖಾನಿ ಪುಟಗಳ ಮಟ್ಟಿಗೆ ಕನ್ನಡ ವಿಕಿಪೀಡಿಯ ಹೆಂಗದ: ನನ್ನ ರಿವ್ಯೂ, 5ಕ್ಕ 4 ಸ್ಟಾರ್

ಹೋಟೆಲಿಗಿ, ಮೊಬೈಲಿಗಿ, ಬಸ್ಸಿಗಿ ಎಲ್ಲಾರೂ ರಿವ್ಯೂ ಬರೀತಾರ, ದಿನಾ ಪುಕ್ಕಟ್ಟೆ ಬಳಸೋ ವಿಕಿಪೀಡಿಯಕ್ಕ ಬರಿಯೋರು ಕಮ್ಮಿ, ಹಂಗಾಗಿ ನಾ ಬರೀಲತ್ತೀನಿ. ಇಡೀ ವಿಕಿಪೀಡಿಯದ ಬಗ್ಗೆ ಅಲ್ಲ, ಒಂದೇ ಒಂದು ವಿಷಯ: ಒಂದು ದವಾಖಾನಿ ಬಗ್ಗೆ ಪುಟ ಅಂತ ಇದ್ರ ಅದ್ರಾಗ ಏನ್ ಹಾಕ್ಬೇಕು ಏನ್ ಬಿಡ್ಬೇಕು ಅನ್ನೋದನ್ನ ಈ ಸರ್ವೀಸು ಹೆಂಗ ತೀರ್ಮಾನ ಮಾಡ್ತದ, ಅದ್ರಿಂದ ನಮ್ ಕಲಬುರಗಿ ಬೀದರ್ ಯಾದಗಿರಿ ಮಂದಿಗಿ ಏನ್ ಉಪಯೋಗ ಅಂತ. ನಮ್ ಕಡಿ ಮನ್ಯಾಗ ಯಾರಿಗರ ಜಾಸ್ತಿ ಆರಾಮಿಲ್ಲ ಅಂದ್ರ ಇನ್ನೂ ಸೋಲಾಪುರಕ್ಕೋ ಹೈದರಾಬಾದಿಗೋ ಗಾಡಿ ಮಾಡ್ಕೊಂಡ್ ಹೋಗೋರು ಅದಾರ. ಇಲ್ಲೇ ಏನ್ ಅದ, ಯಾವಾಗಿಂದ ಅದ, ಯಾರು ನಡಸ್ತಾರ ಅನ್ನೋದು ನೆಟ್ಟಗ ಒಂದ್ ಕಡಿ ಬರ್ದಿಟ್ರ ಅದು ದೊಡ್ಡ ಕೆಲಸ ಅಂತ ನನಗನಿಸ್ತದ.

ಮೊದ್ಲು ಮೆಚ್ಚಿದ್ದು ಹೇಳ್ತೀನಿ. ಇಲ್ಲಿ ಪುಟ ಆಗ್ಬೇಕಂದ್ರ ಆ ದವಾಖಾನಿಗಿ ಸಂಬಂಧ ಇಲ್ಲದೋರು ಅದ್ರ ಬಗ್ಗೆ ಒಂದಿಷ್ಟು ವಿವರವಾಗಿ ಎಲ್ಲಾದ್ರೂ ಬರ್ದಿರ್ಬೇಕು, ಪೇಪರ್‌ನಾಗೋ, ಪುಸ್ತಕದಾಗೋ, ಸರ್ಕಾರಿ ವರದಿದಾಗೋ. ದವಾಖಾನಿ ತನ್ನ ಬಗ್ಗೆ ತಾನೇ ಹೇಳ್ಕೊಂಡಿದ್ದು ಸಾಲಲ್ಲ. ಶುರುವಾದ ವರ್ಷ, ಬೆಡ್ ಎಷ್ಟು, ಇಂಥ ಸಾದಾ ಮಾಹಿತಿಗಿ ಅವರ ವೆಬ್‌ಸೈಟ್ ನಡೀತದ, ಹೊಗಳಿಕಿಗಿ ನಡಿಯಲ್ಲ. ದೊಡ್ಡ ಬಿಲ್ಡಿಂಗ್ ಕಟ್ಟಿದ್ದಕ್ಕ ಪುಟ ಸಿಗಲ್ಲ, ರೊಕ್ಕ ಇದ್ದೋರಿಗೂ ಇಲ್ದೋರಿಗೂ ಒಂದೇ ರೂಲ್ಸ್, ಇದು ನನಗ ಭಾಳ ಹಿಡಿಸ್ತು.

ನಮ್ಮ ಅಣ್ಣನ ಮಗ ಒಂದು ಖಾಸಗಿ ದವಾಖಾನಿದಾಗ ಪಿಆರ್‌ಓ ಇದ್ದಾನ, ಹೆಸರು ಬ್ಯಾಡ. "ಕಾಕಾ, ನೀವು ವಿಕಿಪೀಡಿಯದಾಗ ಬರೀತೀರಲ್ಲ, ನಮ್ದೂ ಒಂದ್ ಪುಟ ಮಾಡ್ರಿ" ಅಂತ ಅವರ ಬ್ರೋಷರ್ ವಾಟ್ಸಾಪ್ ಮಾಡ್ದ. ಇಬ್ರೂ ಕೂತು ಒಂದೊಂದೇ ಸಾಲು ನೋಡ್ಕೋತ ಹೋದ್ವಿ. ವಿಶ್ವದರ್ಜೆಯ ಚಿಕಿತ್ಸೆ, ನುರಿತ ವೈದ್ಯರ ತಂಡ, ಇದು ಬರಲ್ಲ, ಯಾಕಂದ್ರ ಹಂಗ ಹೇಳ್ದೋರು ಅವರೇ. ಡಾಕ್ಟರ್ ಲಿಸ್ಟು, ಡಿಗ್ರಿ, ಓಪಿಡಿ ಟೈಮಿಂಗ್ ಬರಲ್ಲ, ಇದು ಟೆಲಿಫೋನ್ ಡೈರೆಕ್ಟರಿ ಅಲ್ಲ ಅನ್ನೋ ರೂಲ್ ಅದ. ಫುಲ್ ಬಾಡಿ ಚೆಕಪ್ ಪ್ಯಾಕೇಜ್ ರೇಟು ಅಂತೂ ಬರೋದೇ ಇಲ್ಲ. ಪ್ರಶಸ್ತಿ ಒಂದೆರಡು ಇದ್ವು, ಕೊಟ್ಟ ಸಂಸ್ಥಾದ ಬಗ್ಗೆ ಬ್ಯಾರೆ ಯಾರೂ ಎಲ್ಲೂ ಬರ್ದಿಲ್ಲ, ಅವೂ ಹೋದ್ವು. ಕಡೀಕ ಉಳ್ದಿದ್ದು ಶುರುವಾದ ವರ್ಷ, ಬೆಡ್ ಲೆಕ್ಕ, ವಿಳಾಸ. ಇಷ್ಟಕ್ಕ ಪುಟ ಆಗಲ್ಲಪ್ಪ ಅಂದೆ. ಮತ್ತ ಅವ ಅಲ್ಲಿ ಪಗಾರಕ್ಕ ಇದ್ದಾನ, ಪಗಾರ ತಗೊಂಡು ಬರಿಯೋರು ಅದನ್ನ ಬಹಿರಂಗವಾಗಿ ಹೇಳ್ಲೇಬೇಕು ಅಂತ 2014ರಿಂದ ವಿಕಿಪೀಡಿಯ ನಡಸೋ ವಿಕಿಮೀಡಿಯ ಸಂಸ್ಥಾದ ಬಳಕೆ ನಿಯಮದಾಗೇ ಅದ. ನೇರ ಎಡಿಟ್ ಮಾಡೋದಕ್ಕಿಂತ ಚರ್ಚೆ ಪುಟದಾಗ ಕೇಳೋದು ಛಲೋ ಅಂತನೂ ತಿಳಿಸಿ ಹೇಳ್ದೆ.

"ಹಂಗಾದ್ರ ಜನಕ್ಕ ಫೋನ್ ನಂಬರ್ ಬ್ಯಾಡೇನ್ ಕಾಕಾ, ಅದ್ರಾಗೇನ್ ತಪ್ಪದ?" ಅಂದ. ಪ್ರಶ್ನೆ ಖರೇ ಅದ. ನಂಬರ್ ಬೇಕೇ ಬೇಕು, ಆದ್ರ ಅದು ಇರ್ಬೇಕಾದ್ ಜಾಗ ಬ್ಯಾರೆ. ನಂಬರ್ ಬದಲಾಗ್ತದ, ಓಪಿಡಿ ಟೈಮ್ ಬದಲಾಗ್ತದ, ಡಾಕ್ಟರ್ ಟ್ರಾನ್ಸ್‌ಫರ್ ಆಗ್ತಾರ, ವಿಕಿಪೀಡಿಯದಾಗ ಅದನ್ನ ದಿನಾ ಸರಿ ಮಾಡೋ ನೌಕರ ಯಾರೂ ಇಲ್ಲ, ಎಲ್ಲಾ ಸ್ವಂತ ಖುಷಿಲಿ ಬರಿಯೋ ಮಂದಿ. ರಾತ್ರಿ ಎದಿನೋವು ಬಂದ ಮನುಷ್ಯನ ಮನಿಯೋರು ಹಳೀ ನಂಬರಿಗಿ ಫೋನ್ ಹಚ್ಕೋತ ಕುಂತ್ರ ಏನ್ ಗತಿ? ಅಂಥಾ ಹೊತ್ನಾಗ 108ಕ್ಕ ಹಚ್ಬೇಕು.

ಇನ್ನ ಏನ್ ಹಾಕ್ಬೇಕು ಅನ್ನೋದಕ್ಕ ನಮ್ಮೂರಾಗೇ ಛಲೋ ಉದಾಹರಣಿ ಅವ. ಕಲಬುರಗಿ ಜಯದೇವ ಹೃದ್ರೋಗ ಸಂಸ್ಥೆ ತಗೋರಿ. ಮೊದ್ಲು ಜಿಮ್ಸ್ (ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು) ಆವರಣದಾಗೇ ನಡೀತಿತ್ತು, ಆಮ್ಯಾಲ ಸ್ವಂತ ದೊಡ್ಡ ಕಟ್ಟಡ ಆಗಿ 2024ರ ಡಿಸೆಂಬರ್ 22ಕ್ಕ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನಾ ಮಾಡಿದ್ರು, 371 ಬೆಡ್. ಕೆಕೆಆರ್‌ಡಿಬಿ, ಅಂದ್ರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅನುದಾನದಿಂದ ಕಟ್ಟಿದ್ದು, ಬೆಡ್ ಸಂಖ್ಯೆ ನಮ್ ಭಾಗಕ್ಕ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಮಿಗಿ ಹೊಂದಿಸಿ ಇಟ್ಟಿದ್ದು. ಈ ಒಂದು ಸಂಖ್ಯೆದಾಗ ನಮ್ ಭಾಗದ ಇತಿಹಾಸನೇ ಅದ, ಆ ಕಲಮು ತಂದ ಸಂವಿಧಾನದ 98ನೇ ತಿದ್ದುಪಡಿ, ಅದಕ್ಕಾಗಿ ನಡ್ದ ಹೋರಾಟ, ಎಲ್ಲಾ. ಇದು ಹಾಕ್ಬೇಕಾದ ಮಾತು. ಉದ್ಘಾಟನಾಕ್ಕ ಸ್ಟೇಜ್ ಮ್ಯಾಲೆ ಯಾರ್ಯಾರು ಕುಂತಿದ್ರು ಅನ್ನೋದು ಹಾಕಬಾರದ ಮಾತು.

ಸೇಡಂ ರೋಡಿನ ಇಎಸ್‌ಐಸಿ (ಕಾರ್ಮಿಕರ ವಿಮಾ ನಿಗಮ) ದವಾಖಾನಿನೂ ಹಂಗೇ. ಮಲ್ಲಿಕಾರ್ಜುನ ಖರ್ಗೆ ಅವರು ಕೇಂದ್ರದಾಗ ಕಾರ್ಮಿಕ ಮಂತ್ರಿ ಇದ್ದಾಗ, ಅಂದ್ರ 2009ರಿಂದ 2013ರ ನಡುವ, ಅದನ್ನ ಕಟ್ಟೋ ಕೆಲಸ ನಡದದ್ದು. ಅದನ್ನ ಬರ್ದ್ರ ರಾಜಕೀಯ ಆಗ್ತದ ಅಂತ ಕೆಲವ್ರು ಅಳಸ್ತಾರ, ಇನ್ ಕೆಲವ್ರು ಒಂದು ಪ್ಯಾರಾ ಪೂರ್ತಿ ಹೊಗಳಿಕಿ ತುಂಬ್ತಾರ. ನನ್ ಪ್ರಕಾರ ಒಂದು ಸಾಲು ಸಾಕು, ಪುರಾವೆ ಸಮೇತ. ಬಸವೇಶ್ವರ ಆಸ್ಪತ್ರೆ ಬಗ್ಗೆ ಬರಿಯೋರು ಅದನ್ನ ನಡಸೋ, 1958ರಾಗ ಶುರುವಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಅದೇ ಸಂಸ್ಥಾದ 1963ರ ಮಹಾದೇವಪ್ಪ ರಾಂಪೂರೆ ಮೆಡಿಕಲ್ ಕಾಲೇಜು, ಇವೆರಡರ ಕೊಂಡಿ ಹೇಳದೆ ಮುಂದ ಹೋಗಂಗಿಲ್ಲ. ಯಾದಗಿರಿದಾಗ 2022ರಾಗ ಮೆಡಿಕಲ್ ಕಾಲೇಜ್ ಶುರುವಾಯ್ತು, ಒಂದು ಜಿಲ್ಲಾದ ಸರ್ಕಾರಿ ದವಾಖಾನಿ ಅಷ್ಟಕ್ಕೇ ಎಷ್ಟು ಬದಲಾಗ್ತದ ನೋಡ್ರಿ, ಪಿಜಿ ಡಾಕ್ಟರು, ಹೊಸ ವಿಭಾಗ, ರೆಫರ್ ಮಾಡಿ ಕಳಿಸೋದು ಕಮ್ಮಿ ಆಯ್ತೋ ಇಲ್ಲೋ ಅನ್ನೋದು, ಇಂಥಾದ್ದು ಬರ್ಕೊಂಡ್ ಹೋಗ್ಬೇಕು.

ಬೆಡ್ ಲೆಕ್ಕದ ಜೊತಿ ಯಾವ ವರ್ಷದ್ದು ಅಂತ ಹಾಕೋದು ಕಡ್ಡಾಯ ಆಗ್ಬೇಕು. ಮಂಜೂರಾದ ಬೆಡ್ ಬ್ಯಾರೆ, ಖರೇ ನಡಿಯೋ ಬೆಡ್ ಬ್ಯಾರೆ.

ಬೀದರ್‌ದೊಂದು ಮಾತು ಹೇಳ್ಲೇಬೇಕು. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾ, 1436ರಿಂದ 1458ರ ತನಕ ಆಳಿದವ, ಬೀದರ್‌ನಾಗ ಒಂದು ದಾರುಲ್ ಶಿಫಾ, ಅಂದ್ರ ದವಾಖಾನಿ, ಕಟ್ಟಿಸಿದ್ದ. ರೋಗಿಗಳ ಔಷಧಿಗಿ ಊಟಕ್ಕ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟಿದ್ದ, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ಇಟ್ಟಿದ್ದ ಅಂತ ಇತಿಹಾಸಕಾರ ಫೆರಿಶ್ತಾ ಬರ್ದಾನ. ಅವ ಬರ್ದಿದ್ದು ಆ ಸುಲ್ತಾನ ಸತ್ತು ನೂರೈವತ್ತು ವರ್ಷದ ಸುಮಾರಿಗಿ. ಅಷ್ಟ್ ದಿನ ಆದ ಮ್ಯಾಲೂ ಏನ್ ಉಳೀತು? ಯಾರು ಕಟ್ಟಿಸಿದ್ರು, ಖರ್ಚು ಎಲ್ಲಿಂದ, ಯಾರು ಔಷಧ ಕೊಡ್ತಿದ್ರು, ಯಾರಿಗಿ. ಇವತ್ತಿನ ದವಾಖಾನಿ ಪುಟಕ್ಕ ಇದೇ ನಾಕು ಪ್ರಶ್ನೆ ಇಟ್ಕೊಂಡ್ರ ಅರ್ಧ ಜಗಳ ಅಲ್ಲೇ ಮುಗೀತದ. ನಾ ಹೊಸಬರಿಗಿ ಕಲಿಸುವಾಗ ಇದನ್ನೇ ಹೇಳ್ತೀನಿ.

ಕಷ್ಟದ್ದು ಅಂದ್ರ ದೂರುಗಳು. ಡೆಲಿವರಿ ಟೈಮಿಗಿ ತಾಯಿ ಸತ್ಲು, ಸಂಬಂಧಿಕರು ಗೇಟಿನ ಮುಂದ ಕುಂತ್ರು, ಮರುದಿನ ಪೇಪರ್‌ನಾಗ ಬಂತು, ಅದನ್ನ ಆ ದವಾಖಾನಿ ಪುಟದಾಗ ಹಾಕ್ಬೇಕೋ ಬ್ಯಾಡೋ? ಮನಿ ಮಂದಿ ಸಂಕಟ ಖರೇ, ಅದನ್ನ ಸಣ್ಣದು ಅನ್ನೋ ಧೈರ್ಯ ನನಗಿಲ್ಲ. ಆದ್ರ ಒಂದು ದಿನದ ಸುದ್ದಿ ಮ್ಯಾಲೆ ಒಬ್ಬ ಡಾಕ್ಟರ್ ಹೆಸರು ಹಾಕಿ ತಪ್ಪು ಅವರ್ದೇ ಅಂತ ವಿಶ್ವಕೋಶ ಹೇಳಂಗಿಲ್ಲ. ತನಿಖಾ ಆಗಿರ್ಬೇಕು, ಕೋರ್ಟೋ ಗ್ರಾಹಕರ ಆಯೋಗನೋ ಹೇಳಿರ್ಬೇಕು, ಇಲ್ಲಾ ತಿಂಗಳುಗಟ್ಲೆ ಬ್ಯಾರೆ ಬ್ಯಾರೆ ಕಡಿ ಚರ್ಚಾ ಆಗಿರ್ಬೇಕು. 2021ರ ಮೇ ತಿಂಗಳ ಚಾಮರಾಜನಗರ ಜಿಲ್ಲಾಸ್ಪತ್ರೆ ಆಕ್ಸಿಜನ್ ದುರಂತ ನೋಡ್ರಿ, ಹೈಕೋರ್ಟ್ ತನಕ ಹೋಯ್ತು, ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ವರದಿ ಕೊಡ್ತು, ಅದನ್ನ ಬಿಟ್ಟು ಆ ಆಸ್ಪತ್ರೆ ಪುಟ ಬರ್ದ್ರ ಅದು ಸುಳ್ಳು ಪುಟ. ಆಡಳಿತದೋರು ಅಳಸ್ರಿ ಅಂತ ಎಷ್ಟೇ ಹೇಳಿದ್ರೂ ಅಳಸಬಾರದು. ಅದೇ ನಮ್ ಕಲಬುರಗಿದಾಗ 2020ರ ಮಾರ್ಚ್‌ನಾಗ ದೇಶದ ಮೊದಲ ಕೋವಿಡ್ ಸಾವು ದಾಖಲಾಯ್ತು, 76 ವರ್ಷದ ಹಿರಿಯರು. ಅವರನ್ನ ಕಲಬುರಗಿದಾಗೂ ಹೈದರಾಬಾದ್‌ನಾಗೂ ತೋರಿಸಿದ್ರು. ಇದು ಕೋವಿಡ್ ಪುಟದಾಗ ಬರ್ಬೇಕು, ಜಿಲ್ಲಾ ಪುಟದಾಗ ಬರ್ಬೇಕು, ಅವರು ಹೊಕ್ಕು ಬಂದ ಪ್ರತಿ ದವಾಖಾನಿ ಪುಟಕ್ಕೂ ಅದನ್ನ ಅಂಟಿಸೋದು ಸರಿ ಅಲ್ಲ ಅಂತ ನನ್ ಅಭಿಪ್ರಾಯ, ಮತ್ತ ಸತ್ತೋರ ಹೆಸರಂತೂ ಎಲ್ಲೂ ಬ್ಯಾಡ.

ಈಗ ಒಂದು ಸ್ಟಾರ್ ಯಾಕ ಕಡಿಮಿ ಕೊಟ್ಟೆ ಅಂದ್ರ, ಬರಿಯೋರು ಕಮ್ಮಿ. 2003ರಿಂದ ಕನ್ನಡ ವಿಕಿಪೀಡಿಯ ಅದ, ಆದ್ರ ನಮ್ ಮೂರು ಜಿಲ್ಲಾದ ದವಾಖಾನಿಗಳನ್ನ ಕಣ್ಣಿಟ್ಟು ನೋಡ್ಕೊಳ್ಳೋ ಮಂದಿ ಇನ್ನೂ ಬೇಕು. ರೂಲ್ಸ್ ಎಷ್ಟೇ ಛಲೋ ಇರ್ಲಿ, ಕಾಯೋರಿಲ್ಲದಿದ್ರ ಪುಟ ಹಳೇದಾಗ್ತದ, ಇಲ್ಲಾ ಬ್ರೋಷರ್ ಆಗ್ತದ. ಅನುವಾದದ ಟೂಲ್‌ನಿಂದ ಇಳಿಸಿದ ವೈದ್ಯಕೀಯ ಪುಟಗಳ ಕನ್ನಡ ಎಷ್ಟೋ ಸಲ ಎರಡೆರಡು ಸಲ ಓದಿದ್ರೂ ತಿಳಿಯಲ್ಲ. ಇನ್ನೊಂದು ತೊಂದರಿ ಪುರಾವೆದು. ನಮ್ ಭಾಗದ ದವಾಖಾನಿಗಳ ಬಗ್ಗೆ ಹಳೀ ಸುದ್ದಿ ಎಲ್ಲಾ ಪೇಪರ್ ಕಟಿಂಗ್‌ನಾಗ ಅದ, ನೆಟ್ಟಿನ್ಯಾಗ ಇಲ್ಲ. ಭಾಳ ಮಂದಿಗಿ ಗೊತ್ತಿಲ್ಲದ ಮಾತು ಏನಂದ್ರ ಲಿಂಕ್ ಇರ್ಲೇಬೇಕು ಅಂತ ರೂಲ್ ಇಲ್ಲ, ಛಾಪಾ ಆದ ಪೇಪರ್, ಪುಸ್ತಕ ಇದ್ರ ಅದ್ರ ಹೆಸರು, ತಾರೀಖು, ಪುಟ ಸಂಖ್ಯೆ ಹಾಕಿದ್ರ ನಡೀತದ. ಜಿಲ್ಲಾದ ಬಗ್ಗೆ ಸರ್ಕಾರ ಹೊರತರೋ ಮಾಹಿತಿ ಪುಸ್ತಕ, ಅಂದ್ರ ಜಿಲ್ಲಾ ಗೆಜೆಟಿಯರ್‌ನಾಗ ವೈದ್ಯಕೀಯ, ಸಾರ್ವಜನಿಕ ಆರೋಗ್ಯ ಅಂತ ಒಂದು ಅಧ್ಯಾಯನೇ ಇರ್ತದ, ಲೈಬ್ರರಿದಾಗ ಧೂಳು ತಿನ್ಕೋತ ಕುಂತದ, ಅದೊಂದು ತಗದ್ರ ಹಳೀ ಸರ್ಕಾರಿ ದವಾಖಾನಿಗಳ ಪುಟಕ್ಕ ಛಲೋ ಬುನಾದಿ ಸಿಗ್ತದ.

ಓದೋರಿಗಿ ಒಂದ್ ಮಾತು: ಯಾವ್ದೇ ದವಾಖಾನಿ ಪುಟ ತೆಗದಾಗ ಮ್ಯಾಲಿನ ಇತಿಹಾಸ ಟ್ಯಾಬ್ ಒತ್ತಿ ನೋಡ್ರಿ, ಯಾರು ಯಾವಾಗ ಏನ್ ಸೇರಿಸಿದ್ರು, ಏನ್ ಅಳಸಿದ್ರು ಎಲ್ಲಾ ಕಾಣ್ತದ. ಈ ಅನುಕೂಲ ಒಂದಕ್ಕೇ ನಾ ಇದನ್ನ ಉಳಿದ ರೇಟಿಂಗ್ ಆ್ಯಪ್‌ಗಳಿಗಿಂತ ಜಾಸ್ತಿ ನಂಬ್ತೀನಿ. ಚಿಕಿತ್ಸಾ ಎಲ್ಲಿ ತಗೋಬೇಕು ಅನ್ನೋದನ್ನ ಮಾತ್ರ ಪುಟ ನೋಡಿ ತೀರ್ಮಾನ ಮಾಡ್ಬ್ಯಾಡ್ರಿ, ಅದನ್ನ ಡಾಕ್ಟರಿಗೇ ಕೇಳ್ರಿ. ಮತ್ತ ಯಾರ ಮನ್ಯಾಗರ 60, 70ರ ದಶಕದ ಕಲಬುರಗಿ ದವಾಖಾನಿ ಬಗ್ಗೆ ಪೇಪರ್ ಕಟಿಂಗ್ ಇದ್ರ ದಯಮಾಡಿ ರದ್ದಿಗಿ ಹಾಕ್ಬ್ಯಾಡ್ರಿ, ತಾರೀಖು ಕಾಣೋ ಹಂಗ ಫೋಟೋ ತಗೊಂಡು ಕೆಳಗ ಕಾಮೆಂಟ್‌ನಾಗ ತಿಳಿಸ್ರಿ, ಬಂದು ನೋಡ್ತೀನಿ.